ಚಿಂದಿಯ ಪಾಲಾದ ವಿಳಾಸ

ಕ್ಲೌಡ್ ತಂತ್ರಾಂಶ ಸೇವಾ ಸಂಸ್ಥೆ
ಸ್ವಂತ ವಿಳಾಸ ಮಂಜೂರಾತಿ ಮತ್ತು ನಿರಾಕರಣೆ ಶಾಖೆ
ಎರಡನೇ ಮಹಡಿ (ಲಿಫ್ಟ್ ನಿಲ್ಲದ ಕಡೆ)

ಸಂಖ್ಯೆ: ಸ್ವವಿ/ನಿರಾ/೨೧೪/ಪರಿಷ್ಕೃತ/ಮರುಪರಿಷ್ಕೃತ
ದಿನಾಂಕ: ಸಹಿಯಾದ ದಿನ

ಸುತ್ತೋಲೆ

ವಿಷಯ: ಗ್ರಾಹಕರು ತಮ್ಮದೇ ವೆಬ್ ವಿಳಾಸ ಕೇಳಿ, ಸಿಗದೆ, ಸಿಟ್ಟಾಗುತ್ತಿರುವ ಬಗ್ಗೆ, ಹಾಗೂ ಹೊಲಿಗೆ ಮಿಷನ್ ರಿಪೇರಿಯವರೊಬ್ಬರ ಪ್ರಕರಣದ ವಿಲೇವಾರಿ ಬಗ್ಗೆ.

ಉಲ್ಲೇಖ:
(೧) ಈ ಶಾಖೆಯ ಹಿಂದಿನ ಸುತ್ತೋಲೆ (ಹಿಂಪಡೆಯಲಾಗಿದೆ).
(೨) ಅದನ್ನು ಹಿಂಪಡೆದ ಸುತ್ತೋಲೆ (ಹುಡುಕಲಾಗುತ್ತಿದೆ).
(೩) ಸದರಿ ರಿಪೇರಿಯವರ ದೂರುಗಳು, ಒಂದರಿಂದ ಮೂವತ್ತೇಳು.

ಪ್ರಸ್ತಾವನೆ:

ನಮ್ಮ ಕ್ಲೌಡ್‌ನಲ್ಲಿ ಅಂಗಡಿ ತೆರೆದ ಪ್ರತಿಯೊಬ್ಬ ಗ್ರಾಹಕರಿಗೂ ಸಂಸ್ಥೆಯ ವತಿಯಿಂದಲೇ ಒಂದು ವೆಬ್ ವಿಳಾಸವನ್ನು ನೀಡಲಾಗುತ್ತಿದೆ. ಅದರಲ್ಲಿ ಅರವತ್ತಮೂರು ಅಕ್ಷರಗಳೂ ನಾಲ್ಕು ಅಡ್ಡಗೆರೆಗಳೂ, ಕೊನೆಯಲ್ಲಿ ಸೊನ್ನೆಯೋ ಅಕ್ಷರವೋ ಎಂದು ಶಾಖೆಗೂ ಖಚಿತವಿಲ್ಲದ ಒಂದು ಗುಂಡನೆಯ ಗುರುತೂ ಇರುತ್ತವೆ. ಇಷ್ಟೆಲ್ಲ ಕೊಟ್ಟರೂ ಕೆಲವು ಗ್ರಾಹಕರು "ನಮ್ಮ ಅಂಗಡಿ ಹೆಸರೇ ವಿಳಾಸ ಆಗ್ಬೇಕು, ಅಷ್ಟೇ" ಎಂದು ಹಠ ಹಿಡಿದಿರುವುದು ಕಂಡುಬಂದಿದೆ. ಇದರಿಂದ ಶಾಖೆಯ ಮನಸ್ಸಿಗೆ ನೋವಾಗಿದೆ. ನೋವನ್ನು ಕಡತದಲ್ಲಿ ಸೇರಿಸಿ, ಪುಟ ಸಂಖ್ಯೆ ಹಾಕಿ, ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ಒಬ್ಬ ಗ್ರಾಹಕರಿಗೆ ಒಂದೇ ಸ್ವಂತ ವಿಳಾಸ. ಒಂದು ಸ್ವಂತ ವಿಳಾಸ ಒಂದೇ ಖಾತೆಗೆ. ಯಾಕೆ ಎಂದು ಕೇಳುವವರಿಗೆ, ತಂತ್ರಾಂಶ ಹಾಗೆ ಇದೆ ಎಂದು ಉತ್ತರಿಸತಕ್ಕದ್ದು. ತಂತ್ರಾಂಶ ಯಾಕೆ ಹಾಗಿದೆ ಎಂದು ಮುಂದುವರಿದು ಕೇಳುವವರನ್ನು ಕುಳಿತುಕೊಳ್ಳಲು ಹೇಳತಕ್ಕದ್ದು.

೨. ಸ್ವಂತ ವಿಳಾಸವು ಸುಲಭವಾಗಿ ನೆನಪಿನಲ್ಲಿ ಉಳಿಯುವಂತಿರಬಾರದು. ವಿಳಾಸ ನೆನಪಿಟ್ಟುಕೊಂಡವರು ನಮ್ಮನ್ನು ಮರೆಯುತ್ತಾರೆಂಬುದು ಶಾಖೆಯ ಕಹಿ ಅನುಭವ.

೩. ಅರ್ಜಿ ಹಾಕಿದ ನಲವತ್ತೆಂಟು ಗಂಟೆಗಳಲ್ಲಿ ವಿಳಾಸವು ಕೆಲಸ ಮಾಡತೊಡಗುವುದು. ಗಂಟೆ ಎಂದರೆ ಕಚೇರಿಯ ಗಂಟೆ ಮಾತ್ರ. ಊಟ, ಚಹಾ, ಸಭೆ ಹಾಗೂ ಸಭೆಯ ಬಗ್ಗೆ ಮಾತಾಡುವ ಸಮಯವನ್ನು ಕಳೆಯತಕ್ಕದ್ದು. ಈ ಅವಧಿಯಲ್ಲಿ ಗ್ರಾಹಕರು "ಬಂತಾ, ಬಂತಾ" ಎಂದು ಪುಟವನ್ನು ಮತ್ತೆ ಮತ್ತೆ ತೆರೆದು ನೋಡುವಂತಿಲ್ಲ. ಹಾಗೆ ನೋಡಿದ ಪ್ರತಿಬಾರಿಯೂ ಗಂಟೆಗಳನ್ನು ಒಂದರಿಂದ ಎಣಿಸಲಾಗುವುದು.

೪. ಸಿಟ್ಟನ್ನು ಮೂರು ದರ್ಜೆಗಳಾಗಿ ವಿಂಗಡಿಸಲಾಗಿದೆ: (ಅ) ನಿಟ್ಟುಸಿರು, (ಆ) ಗೊಣಗಾಟ, (ಇ) ಮೇಜು ಕುಟ್ಟುವಿಕೆ. ಗ್ರಾಹಕರು ನೇರವಾಗಿ (ಇ) ದರ್ಜೆಗೆ ಹಾರುವಂತಿಲ್ಲ. ಸಿಟ್ಟಿನ ನಮೂನೆಯು ಗ್ರಾಹಕರ ಸ್ವಂತ ವಿಳಾಸದಲ್ಲಿ, ಆ ವಿಳಾಸ ಕೆಲಸ ಮಾಡತೊಡಗಿದ ನಂತರ, ಲಭ್ಯವಿರುತ್ತದೆ.

೫. ಪ್ರಕರಣದ ಸಾರಾಂಶ. ಸದರಿ ಗ್ರಾಹಕಿಯು ಮೂವತ್ತು ವರ್ಷಗಳಿಂದ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದು, ಮಿಷನ್‌ಗಳ ಸದ್ದಿನ ನಡುವೆಯೇ ಕುಳಿತು ಎರಡೂ ಕಿವಿ ಕಳೆದುಕೊಂಡಿರುತ್ತಾರೆ. ಫೋನು ಕೇಳಿಸದ ಕಾರಣ, ರಿಪೇರಿಯಾದ ಪ್ರತಿ ಮಿಷನ್‌ನ ಚಕ್ರದ ಕೆಳಗೆ ತಮ್ಮ ವೆಬ್ ವಿಳಾಸದ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಈವರೆಗೆ ಎರಡು ಸಾವಿರದ ಆರುನೂರು ಸ್ಟಿಕ್ಕರ್‌ಗಳಾಗಿವೆ. ಮಿಷನ್ ಕೆಟ್ಟ ಮನೆಯವರು ಆ ವಿಳಾಸಕ್ಕೆ ಹೋಗಿ ಬರೆಯುವುದು, ಇವರು ಓದಿಕೊಂಡು ಟೂಲ್ ಬಾಕ್ಸ್ ಹಿಡಿದು ಹೊರಡುವುದು, ಇದು ನಡೆದುಬಂದ ಕ್ರಮ. ಹಿಂದೆ ಈ ವಿಳಾಸ ಬೇರೊಂದು ಸಂಸ್ಥೆಯ ಕ್ಲೌಡ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ನಮ್ಮ ಮಾರಾಟ ಶಾಖೆಯವರು "ಇಲ್ಲಿಗೆ ಬನ್ನಿ ಅಕ್ಕಾ, ಐದೇ ನಿಮಿಷದ ಕೆಲಸ" ಎಂದು ಬರೆದು ಕರೆತಂದಿರುತ್ತಾರೆ. ಐದು ನಿಮಿಷ ಯಾವಾಗ ಶುರುವಾಗುತ್ತದೆಂದು ಬರೆದಿರಲಿಲ್ಲವಾದ್ದರಿಂದ ಮಾರಾಟ ಶಾಖೆಯ ತಪ್ಪೇನೂ ಇರುವುದಿಲ್ಲ.

೬. ತಪ್ಪು ಗ್ರಾಹಕಿಯದೇ. ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಮಿಷನ್ ರಿಪೇರಿ ಆದ್ಮೇಲೆ ಗಿರಾಕಿ ಬಟ್ಟೆ ಮೇಲೆ ಯಾರಾದ್ರೂ ಹೊಲಿಗೆ ಹಾಕಿ ನೋಡ್ತಾರಾ? ಮೊದ್ಲು ಚಿಂದಿ ಬಟ್ಟೆ ಮೇಲೆ ಓಡಿಸ್ಬೇಕು. ದಾರ ತುಂಡಾಗ್ಲಿಲ್ಲ ಅಂದ್ರೆ ಆಮೇಲೆ ಒಳ್ಳೇ ಬಟ್ಟೆ. ಹಾಗೇ ಇಲ್ಲೂ ಮೊದ್ಲು ಚಿಂದಿ ಅಂತ ಒಂದು ಖಾತೆ ತೆಗ್ದು, ವಿಳಾಸ ಹಾಕಿ ನೋಡ್ದೆ. ಚೆನ್ನಾಗಿ ಓಡ್ತು. ಆಮೇಲೆ ನಿಜವಾದ ಖಾತೆ ತೆಗ್ದೆ." ಚಿಂದಿ ಎಂಬ ಖಾತೆಯು ಹದಿನಾಲ್ಕು ದಿನಗಳ ಉಚಿತ ಪ್ರಯೋಗದ ಖಾತೆಯಾಗಿದ್ದು, ಅವಧಿ ಮುಗಿದು ಬೀಗ ಬಿದ್ದಿರುತ್ತದೆ. ವಿಳಾಸವು ಅದರೊಳಗೆ ಉಳಿದುಕೊಂಡಿರುತ್ತದೆ. ಒಳಗೆ ಹೋಗದೆ ವಿಳಾಸ ಬಿಡಿಸಲಾಗದು; ಅವಧಿ ಮುಗಿದ ಖಾತೆಯೊಳಗೆ ಯಾರೂ ಹೋಗಲಾಗದು. ಕಲಮು ಒಂದರ ಪ್ರಕಾರ ಅದೇ ವಿಳಾಸವನ್ನು ಎರಡನೇ ಖಾತೆಗೆ ಕೊಡಲೂ ಆಗದು.

೭. ಆದ್ದರಿಂದ ಚಿಂದಿಯವರಿಂದ ನಿರಾಕ್ಷೇಪಣಾ ಪತ್ರ ತರುವಂತೆ ಗ್ರಾಹಕಿಗೆ ಸೂಚಿಸಲಾಯಿತು. ಚಿಂದಿಯವರಿಗೂ ಮೂರು ನೋಟಿಸುಗಳನ್ನು ಕಳುಹಿಸಲಾಯಿತು. ಚಿಂದಿಯವರು ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಇಬ್ಬರನ್ನೂ ಮುಖಾಮುಖಿ ಕೂರಿಸಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತೋರಿಸಿ, ವಿಚಾರಣೆ ನಡೆಸಲಾಯಿತು. ಎರಡು ಕುರ್ಚಿ ಹಾಕಿಸಲಾಗಿತ್ತು. ಬಂದವರು ಒಬ್ಬರೇ. ಮೊದಲನೇ ಕುರ್ಚಿಯಿಂದ ಎದ್ದು ಎರಡನೆಯದರಲ್ಲಿ ಕುಳಿತು ಅವರು ನೀಡಿದ ಹೇಳಿಕೆ: "ಈ ಕುರ್ಚೀಲಿ ಕೂತ್ರೂ ನಾನೇ, ಆ ಕುರ್ಚೀಲಿ ಕೂತ್ರೂ ನಾನೇ. ನಂಬಿಕೆ ಇಲ್ದಿದ್ರೆ ನಿಂತ್ಕೊಂಡೇ ಹೇಳ್ತೀನಿ." ಎರಡೂ ಕುರ್ಚಿಗಳಿಂದ ಪ್ರತ್ಯೇಕವಾಗಿ ಬರೆಸಿಕೊಂಡ ಹೇಳಿಕೆಗಳ ಸಹಿ ಒಂದೇ ಥರ ಇದ್ದುದರಿಂದ ಒಂದು ನಕಲಿ ಎಂದು ತೀರ್ಮಾನಿಸಿ, ಯಾವುದೆಂದು ತಿಳಿಯದ ಕಾರಣ ಎರಡನ್ನೂ ತಿರಸ್ಕರಿಸಲಾಗಿದೆ.

೮. ಶಾಖೆಯು ಕೈಕಟ್ಟಿ ಕುಳಿತಿಲ್ಲ. ಗ್ರಾಹಕಿಯ ಅನುಕೂಲಕ್ಕಾಗಿ ನಮ್ಮ ಅರವತ್ತಮೂರು ಅಕ್ಷರಗಳ ವಿಳಾಸದ ಹೊಸ ಸ್ಟಿಕ್ಕರ್ ಸಿದ್ಧಪಡಿಸಲಾಯಿತು. ಅದು ಮಿಷನ್ನನ್ನು ಎರಡೂವರೆ ಸುತ್ತು ಬಳಸುವುದರಿಂದ, ಓದಬಯಸುವವರು ಮಿಷನ್ನಿನ ಸುತ್ತ ನಡೆಯಬೇಕಾಗುತ್ತದೆ. ಇದು ಆರೋಗ್ಯಕ್ಕೂ ಒಳ್ಳೆಯದು. ಇದಲ್ಲದೆ, ಎಲ್ಲವನ್ನೂ ವಿವರವಾಗಿ ತಿಳಿಸಲು ಸಹಾಯವಾಣಿಯಿಂದ ಗ್ರಾಹಕಿಗೆ ನಾಲ್ಕು ಬಾರಿ ಫೋನ್ ಮಾಡಲಾಗಿದೆ. ನಾಲ್ಕು ಬಾರಿಯೂ ಅವರು ಫೋನು ನಡುಗುವುದನ್ನು ಕಂಡು ಎತ್ತಿ, "ಯಾರೋ ಗೊತ್ತಿಲ್ಲ, ಬರ್ದು ಕಳ್ಸಿ, ಆ ವಿಳಾಸನೇ ನನ್ನ ಕಿವಿ" ಎಂದು ಹೇಳಿ ಇಟ್ಟಿರುತ್ತಾರೆ. ಅಸಹಕಾರ ಎಂದು ದಾಖಲಿಸಲಾಗಿದೆ.

೯. ಅಂತಿಮ ಆದೇಶ: ಅರ್ಜಿ ಹಾಕಿದವರಲ್ಲಿ ಚಿಂದಿಯವರೇ ಮೊದಲಿಗರು. ಆದಕಾರಣ ವಿಳಾಸವನ್ನು ಚಿಂದಿಯವರಿಗೆ ಶಾಶ್ವತವಾಗಿ ಮಂಜೂರು ಮಾಡಲಾಗಿದೆ. ಚಿಂದಿಯವರ ಖಾತೆಗೆ ಸೇರಿದ ದಿನದಿಂದ ವಿಳಾಸವು ಒಂದು ಕ್ಷಣವೂ ನಿಲ್ಲದೆ ಕೆಲಸ ಮಾಡುತ್ತಿದೆ ಎಂದು ತಿಳಿಸಲು ಹೆಮ್ಮೆಯೆನಿಸುತ್ತದೆ. ಸ್ಟಿಕ್ಕರ್ ನೋಡಿ ಬರೆದವರ ಅರವತ್ತೊಂದು ಸಂದೇಶಗಳು ಈಗಾಗಲೇ ಚಿಂದಿಯವರ ಖಾತೆಗೆ ಬಂದು ಬಿದ್ದಿವೆ. ಅವು ಬೇರೊಬ್ಬ ಗ್ರಾಹಕರ ಖಾಸಗಿ ಪತ್ರಗಳಾದ್ದರಿಂದ ರಿಪೇರಿಯವರಿಗೆ ತೋರಿಸಲು ಅವಕಾಶವಿರುವುದಿಲ್ಲ.

೧೦. ಸೇವೆಯ ಗುಣಮಟ್ಟ ಪರಿಶೀಲನೆಗಾಗಿ, ಖಾತೆಯ ಬೀಗ ತೆಗೆಯದೆ ನಕಲು ಮಾತ್ರ ತರಿಸಿಕೊಂಡು, ಶಾಖೆಯು ಮಾತ್ರ ಅವನ್ನು ಓದಿದೆ. ಮಾದರಿಗೆ ಕೆಲವು:

"ಅಕ್ಕಾ, ಬಾಬಿನ್ ಹತ್ರ ಕಟಕಟ ಅಂತಿದೆ. ಶಾಲೆ ಯೂನಿಫಾರ್ಮ್ ನಲವತ್ತು ಬಾಕಿ ಇದೆ. ನಾಳೆ ಬರ್ತೀರಾ?"

"ಬೆಲ್ಟ್ ಹೋಯ್ತು. ನಮ್ಮತ್ತೆ ಕೈಯಲ್ಲೇ ಹೊಲೀತಾ ಕೂತಿದಾರೆ, ಬೈಗುಳ ನನಗೆ. ಬೇಗ ಬನ್ನಿ ಅಕ್ಕಾ."

"ಅಕ್ಕಾ, ಇದು ಮೂರನೇ ಸಲ ಬರೀತಿರೋದು. ಮಿಷನ್ ವಿಷಯ ಬಿಡಿ, ಅದು ಹಾಳಾಗ್ಲಿ. ನೀವು ಉತ್ತರ ಕೊಡ್ದೆ ಇರೋರಲ್ಲ. ಹುಷಾರಾಗಿದೀರಾ? ಅಷ್ಟು ಬರೀರಿ ಸಾಕು."

ಮೇಲಿನ ಕೊನೆಯ ಸಂದೇಶಕ್ಕೆ ಏಳು ದಿನಗಳೊಳಗೆ ಉತ್ತರಿಸುವಂತೆ ಚಿಂದಿಯವರಿಗೆ ಈ ಮೂಲಕ ತಾಕೀತು ಮಾಡಲಾಗಿದೆ. ಸದರಿ ಸಂದೇಶವನ್ನು ಓದಿದ ನಮ್ಮ ಶಾಖೆಯ ಗುಮಾಸ್ತರು ಹದಿನೈದು ನಿಮಿಷ ಕಿಟಕಿಯ ಬಳಿ ನಿಂತಿದ್ದು, ಆ ಅವಧಿಯನ್ನು ಅರ್ಧ ದಿನದ ರಜೆಯೆಂದು ಪರಿಗಣಿಸಲಾಗಿದೆ.

೧೧. ಸಿಬ್ಬಂದಿಯು ಯಾವುದೇ ಗ್ರಾಹಕರ ಸಂದೇಶವನ್ನು ಮನೆಯ ಗುರುತು ಸಮೇತ ಚೀಟಿಯಲ್ಲಿ ಬರೆದು, ಹೊರಗಿನ ಬೆಂಚಿನಲ್ಲಿ ಕುಳಿತ ಯಾರ ಕೈಗೂ ಕೊಡತಕ್ಕದ್ದಲ್ಲ. ಈ ನಿಯಮವನ್ನು ಸುಮ್ಮನೆ ಮುನ್ನೆಚ್ಚರಿಕೆಗಾಗಿ ಮಾಡಲಾಗಿದೆ. ಇಂದು ಬೆಳಿಗ್ಗೆ ಶಾಖೆಯ ಚೀಟಿ ಪುಸ್ತಕದಲ್ಲಿ ಅರವತ್ತೊಂದು ಹಾಳೆಗಳು ಕಡಿಮೆ ಇರುವುದಕ್ಕೂ ಇದಕ್ಕೂ ಸಂಬಂಧ ಇದೆಯೇ ಎಂದು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಲಾಗಿದೆ. ಸಮಿತಿಯ ಅಧ್ಯಕ್ಷತೆಯನ್ನು ಸದರಿ ಗುಮಾಸ್ತರೇ ವಹಿಸತಕ್ಕದ್ದು, ಬೇರೆ ಯಾರಿಗೂ ಪುರುಸೊತ್ತಿಲ್ಲ.

ಸಹಿ/-
ಶಾಖಾ ಮುಖ್ಯಸ್ಥರು (ಪ್ರಭಾರ)
ಸ್ವಂತ ವಿಳಾಸ ಮಂಜೂರಾತಿ ಮತ್ತು ನಿರಾಕರಣೆ ಶಾಖೆ

ಪ್ರತಿಗಳು:
೧. ಮಾರಾಟ ಶಾಖೆಗೆ, ಸಂತೋಷಪಡಲು.
೨. ಸಹಾಯವಾಣಿಗೆ, ಐದನೇ ಬಾರಿ ಫೋನ್ ಮಾಡಲು.
೩. ಚಿಂದಿಯವರಿಗೆ, ಬೀಗ ಬಿದ್ದ ಖಾತೆಯ ಮೂಲಕ.
೪. ಹೊಲಿಗೆ ಮಿಷನ್ ರಿಪೇರಿಯವರಿಗೆ, ಖುದ್ದಾಗಿ. (ಕಳೆದ ಒಂಬತ್ತು ದಿನಗಳಿಂದ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಪ್ರತಿ ಕೊಡಲು ಹೋದಾಗ ಬೆಂಚು ಖಾಲಿ. ಜಾರಿಯಾಗಿಲ್ಲ.)
೫. ಶಾಖೆಯ ಗುಮಾಸ್ತರಿಗೆ, ಕಾರಣ ಕೇಳಿ. (ಸ್ಥಳದಲ್ಲಿಲ್ಲ. ಟೂಲ್ ಬಾಕ್ಸಿನ ಒಂದು ಹಿಡಿ ಅಕ್ಕ ಹಿಡಿದಿದ್ದರು, ಇನ್ನೊಂದು ಹಿಡಿ ಇವರು ಹಿಡಿದಿದ್ದರು ಎಂದು ಕಾವಲುಗಾರರು ತಿಳಿಸಿರುತ್ತಾರೆ.)