ಗಡಿಬಾವಿಯಲ್ಲಿ ಹನ್ನೊಂದು ಮೊಬೈಲು

ಕೆಲಸ ಕೆಡಲು ಶುರುವಾದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ನನ್ನ ಸೋದರಮಾವ ನಮ್ಮ ಹನ್ನೊಂದು ಮಂದಿಯ ಮೊಬೈಲುಗಳನ್ನು ಜಪ್ತಿ ಮಾಡಿದ ಗಳಿಗೆ ಅದು. ಅವನ್ನೆಲ್ಲ ಕೊರಳಚೀಲದಲ್ಲಿ ತೂಗಿಸಿಕೊಂಡು ಅವರು ಬಾವಿಗೆ ಬಿದ್ದದ್ದು ಹನ್ನೊಂದೂ ಐವತ್ತಕ್ಕೆ. ಬಾವಿಗೆ ಬೀಳುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ತಾನೇ ಅಳೆದು ತಾನೇ ನಕ್ಷೆಯಲ್ಲಿ ಗುರುತು ಹಾಕಿದ ಬಾವಿಗೆ, ಬೆನ್ನು ಮಾಡಿ ನಡೆದು ಬಿದ್ದ ಮೋಜಣಿದಾರ ಇವರೊಬ್ಬರೇ ಇರಬೇಕು!

ಮಾಮಾ ಮೂವತ್ತು ವರ್ಷ ಜಮೀನು ಅಳೆದು ನಿವೃತ್ತರಾದವರು. ಅಳತೆಯಲ್ಲಿ ಒಂದು ಬೆರಳು ಹೆಚ್ಚುಕಮ್ಮಿಯಾದರೆ ಆ ದಿನ ಊಟ ಮಾಡದ ಜಾತಿ. ಮದುವೆಮನೆಯಲ್ಲಿ ಪಂಕ್ತಿ ಸೊಟ್ಟಗಿದ್ದರೆ ಎಲೆ ಸರಿಸಿ ನೇರ ಮಾಡಿಸಿದ ಮೇಲೆಯೇ ಕೂರುತ್ತಿದ್ದರು. ನಿವೃತ್ತಿಯಾದ ಮೇಲೆ ಸುಮ್ಮನಿರಬೇಕಲ್ಲ? ತಿಂಗಳಿಗೊಂದು ಭಾನುವಾರ ಬೈಲಹೊಂಗಲದಿಂದ ಗಾಡಿ ಹೊರಡಿಸಿ, ಹಳೆಯ ಗಡಿ ತೋರಿಸುವ ಪ್ರವಾಸ ಶುರು ಮಾಡಿದರು. ಯರಗಟ್ಟಿ ದಾಟಿ ಕಟಕೋಳದ ದಾರಿಯಲ್ಲಿ, ಹೊಲದ ನಡುವೆ, ಒಂದು ಕಾಲಕ್ಕೆ ಇತ್ತ ಇಂಗ್ರೆಜರ ರಾಜ್ಯ, ಅತ್ತ ಸಂಸ್ಥಾನ. ನಮ್ಮ ಕಣ್ಣಿಗೆ ಎರಡೂ ಕಡೆ ಜೋಳ.

ಗಡಿಕಲ್ಲಿನ ಹತ್ತಿರ ಮಾಮಾ ಸೀಟಿ ಊದಿ ಹಳೆಯ ಕಾಲದ ಸುಂಕದ ನಾಕಾ ಹಾಕುತ್ತಿದ್ದರು. ಬುತ್ತಿ ಬಿಚ್ಚಿ ತೋರಿಸಬೇಕು. ಶೇಂಗಾ ಚಟ್ನಿಗೆ ಸುಂಕ ಒಂದು ಚಮಚ. ಅದು ನೇರ ಅಧಿಕಾರಿಯ ಬಾಯಿಗೆ. ಮೊಬೈಲು ಮಾತ್ರ ಪೂರ್ತಿ ಜಪ್ತಿ, ಯಾಕೆಂದರೆ ತಾವು ಮಾತಾಡುವಾಗ ಯಾರೂ ಅದನ್ನು ಒತ್ತುತ್ತಾ ಕೂರಬಾರದು. ಇನ್ನೆರಡು ಕಾನೂನು: ಗೈಡ್ ಮಂದಿಗೆ ಬೆನ್ನು ತೋರಿಸುವಂತಿಲ್ಲ, ಹೀಗಾಗಿ ಅವರು ಹಿಂದಕ್ಕೆ ಹಿಂದಕ್ಕೇ ನಡೆಯುತ್ತಿದ್ದರು. ಮತ್ತು ಅವರ ಮಾತಿನ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಹಿಂದೊಮ್ಮೆ ನಾನು ಬಾಯಿ ಹಾಕಿದ್ದಕ್ಕೆ ಇಡೀ ಇತಿಹಾಸವನ್ನು ಮೊದಲಿನಿಂದ ಹೇಳಿದ್ದರು. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೇ ಅಳು ಬಂದಿತ್ತು.

ಆ ದಿನ ಅವರ ಬೆನ್ನ ಹಿಂದೆ, ಮೂರು ಹೆಜ್ಜೆ ಆಚೆ, ಕಟ್ಟೆಯಿಲ್ಲದ ಬಾವಿ ನನಗೆ ಕಾಣುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿದೆ. ಅಳೆದವರಿಗೆ ನಾನು ಹೇಳುವುದೇ? ಒಂದು. ಎರಡು. ಮೂರು.

ಬಗ್ಗಿ ನೋಡಿದಾಗ ಮಾಮಾ ಎದೆಯವರೆಗೆ ನೀರಿನಲ್ಲಿ, ಕಾಲಿಗೆ ನೆಲ ಸಿಗದೆ, ಗೋಡೆಯಿಂದ ಚಾಚಿದ ಮರದ ಬೇರೊಂದನ್ನು ತಬ್ಬಿ, ಚೀಲವನ್ನು ತಲೆಯ ಮೇಲೆ ಹೊತ್ತಿದ್ದರು. ಒಂದು ಕಾಲು ಇರಬಾರದ ಕಡೆ ತಿರುಗಿತ್ತು. ಡ್ರೈವರ್ ಚಹಾಕ್ಕೆಂದು ಗಾಡಿ ಸಮೇತ ಕಟಕೋಳಕ್ಕೆ ಹೋಗಿದ್ದ. ನಮ್ಮ ಜೊತೆಗಿದ್ದ ಮಾಸ್ತರೊಬ್ಬರು ರಸ್ತೆಯ ಕಡೆ ಓಡಿದರು. ಉಳಿದವರು ಶಾಲು, ಟವೆಲ್ಲು ಗಂಟು ಹಾಕಿ ಇಳಿಬಿಟ್ಟೆವು, ಅರ್ಧಕ್ಕೂ ಮುಟ್ಟಲಿಲ್ಲ. ಸಹಾಯಕ್ಕೆ ಕರೆಯೋಣವೆಂದರೆ ಹನ್ನೊಂದೂ ಮೊಬೈಲು ಬಾವಿಯೊಳಗೆ!

ಆಗ ಚೀಲದಲ್ಲಿ ಒಂದು ರಿಂಗಾಯಿತು. ನನ್ನದು. ಉಂಡೆಯಾ ಎಂದು ಕೇಳಲು ಅವ್ವ ದಿನಾ ಹನ್ನೆರಡಕ್ಕೆ ಮಾಡುವ ಫೋನು.

“ಎತ್ತಬ್ಯಾಡ್ರಿ ಮಾಮಾ, ಎರಡೂ ಕೈಲೆ ಹಿಡಕೋರಿ” ಎಂದು ಕೂಗಿದೆ. ಕೇಳುವವರೇ?

“ಅಕ್ಕಾ... ಇಲ್ಲ, ಇನ್ನೂ ಉಂಡಿಲ್ಲ. ಬಾವ್ಯಾಗ ಅದೇನಿ. ಅಳಬ್ಯಾಡ, ಬರಕೋ. ಗಡಿಕಲ್ಲಿಂದ ಮೂಡಕ್ಕ ನಲವತ್ತ ಹೆಜ್ಜಿ. ಇಪ್ಪತ್ತೆರಡ ಅಡಿ ಹಗ್ಗ. ಕಟಕೋಳದಾಗ ನಮ್ಮ ಬೀಗರಿಗೆ ಹೇಳು.”

ಅಷ್ಟರಲ್ಲಿ ಬೇರು ಕಿತ್ತುಬಂತು. ಮಾಮಾ ಮುಳುಗಿದರು. ನೀರು ಮುಚ್ಚಿಕೊಂಡಿತು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಮೇಲೆ ಬಂದಾಗ ಗೋಡೆಯ ಒಂದು ಚಾಚುಗಲ್ಲು ಕೈಗೆ ಸಿಕ್ಕಿತ್ತು. ಚೀಲ ಆಗಲೂ ಕೊರಳಲ್ಲೇ ಇತ್ತು.

ಹಗ್ಗ ಬರಲು ಮುಕ್ಕಾಲು ಗಂಟೆ. ಅವರ ಕಣ್ಣು ಮುಚ್ಚತೊಡಗಿದವು. ಮಾತು ನಿಂತರೆ ಕೈಯೂ ಬಿಡುತ್ತದೆ ಎಂದು ನನಗೆ ಅನ್ನಿಸಿತು. ಜೀವಮಾನದಲ್ಲಿ ಮೊದಲ ಸಲ ಮಾತಾಡಿ ಎಂದು ಅವರನ್ನು ಬೇಡಿಕೊಂಡೆ.

“ಮಾಮಾ, ಈ ಬಾವಿ ಯಾರ ಪಾಲಿಗಿತ್ತರಿ?”

“ನಡಕ ಗಡಿ. ಅರ್ಧ ಅವರದು, ಅರ್ಧ ಇವರದು.”

“ನೀವೀಗ ಯಾವ ಕಡೆ ಅದೀರಿ?”

“ಕಾಲು ಸಂಸ್ಥಾನದಾಗ... ತಲಿ ಇಂಗ್ರೆಜರ ಕಡೆ.”

ಆಮೇಲಿನ ಪ್ರಶ್ನೆಗಳಿಗೆ ಬರೀ ಹೂಂ. ಕೊನೆಗೆ ಅದೂ ಇಲ್ಲ. ಬೀಗರು ಹಗ್ಗ ಹಿಡಿದು ಇಳಿದಾಗ ಅವರ ಬೆರಳುಗಳನ್ನು ಕಲ್ಲಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಬೆಳಗಾವಿಯಲ್ಲಿ ತೊಡೆಗೆ ರಾಡು ಹಾಕಿದರು. ಹನ್ನೊಂದು ಮನೆಗಳ ಅಕ್ಕಿ ಡಬ್ಬಿಗಳಲ್ಲಿ ನೆನೆದ ಹನ್ನೊಂದು ಮೊಬೈಲುಗಳು ಒಣಗಲೆಂದು ಮಲಗಿದವು. ಮಲಗದವಳು ನಾನೊಬ್ಬಳೇ. ಕಣ್ಣು ಮುಚ್ಚಿದರೆ ಮೂರು ಹೆಜ್ಜೆ. ಮೂರನೆಯದಕ್ಕೆ ಎದ್ದು ಕೂರುತ್ತಿದ್ದೆ.

ಯುಗಾದಿಯ ಮರುದಿನ ನೋಡಲು ಹೋದೆ. ವಾಕರ್ ಹಿಡಿದರೆ ಹಿಂದಕ್ಕೆ ನಡೆಯಲು ಬರುವುದಿಲ್ಲ ಎಂಬ ದೂರು ಹೇಳುತ್ತಿದ್ದರು. ನಡುವೆ ಬಾಯಿ ಹಾಕಿದೆ.

“ಮಾಮಾ, ಬಾವಿ ನನಗ ಕಂಡಿತ್ತರಿ. ನಾ ಹೇಳಲಿಲ್ಲ.”

ಅವರು ಮೊದಲಿನಿಂದ ಶುರು ಮಾಡಲಿಲ್ಲ. ವಾಕರನ್ನು ಪಕ್ಕಕ್ಕೆ ಸರಿಸಿದರು.

“ಹುಚ್ಚಿ, ನೀ ಹೇಳಾಕ ಬಾಯಿ ತೆರದಿದ್ದಿ. ನಾನ ಕೈ ಮಾಡಿ ಸುಮ್ಮನಿರು ಅಂದೆ. ಮರತೇನು?”

ನಾನು ಏನನ್ನೂ ಮರೆತಿರಲಿಲ್ಲ. ಆ ಗಳಿಗೆಯನ್ನು ನೂರು ಸಲ ನೋಡಿದ್ದೇನೆ. ಅವರ ಬಲಗೈ ಯರಗಟ್ಟಿಯ ಕಡೆ ಚಾಚಿತ್ತು. ಎಡಗೈ ನಮ್ಮ ಮೊಬೈಲು ಚೀಲವನ್ನು ಎದೆಗೆ ಒತ್ತಿ ಹಿಡಿದಿತ್ತು. ನನ್ನನ್ನು ಸುಮ್ಮನಿರಿಸಿದ ಮೂರನೆಯ ಕೈ ಎಲ್ಲಿಂದ ಬಂತು? ಒಂದು ಬೆರಳು ತಪ್ಪನ್ನೂ ಒಪ್ಪದ ಮನುಷ್ಯ ನನಗಾಗಿ ಇಡೀ ಒಂದು ಕೈಯನ್ನೇ ಹೆಚ್ಚಿಗೆ ಬರೆದುಕೊಂಡಿದ್ದರು.

“ಹೌದರಿ ಮಾಮಾ, ಮರತಿದ್ದೆ” ಎಂದೆ.

ಆ ದಿನ ಮಂಗಳವಾರ. ಸಂಜೆ ಮನೆಗೆ ಬಂದು ಮಲಗಿದೆ. ಎಚ್ಚರವಾದಾಗ ಬುಧವಾರ ಬೆಳಗಾಗಿತ್ತು; ಒಳಗೆ ಅವ್ವ ಹಾಲು ಕಾಸುತ್ತಿದ್ದಳು.