ದಾನಪ್ಪ ಕಾಕಾನ ಸದ್ದುನುಂಗಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ದಾನಪ್ಪ ಕಾಕಾ ನಮ್ಮ ಪ್ರೆಸ್ಸಿನ ಕರಡು ಕೋಣೆಯ ತೊಲೆಗೆ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಬಿಗಿದರು.

ಕಾಕಾ, ಅಂದರೆ ನನ್ನ ಚಿಕ್ಕಪ್ಪ, ಟೆಲಿಫೋನ್ ದುರಸ್ತಿಯ ಕೆಲಸದಿಂದ ನಿವೃತ್ತರಾದವರು. ಆಮೇಲೆ ಹನ್ನೊಂದು ಯಂತ್ರ ಮಾಡಿದ್ದಾರೆ. ಹತ್ತನ್ನು ನಾನು ಆಗಲೇ ನೋಡಿದ್ದೆ; ಇದು ಹನ್ನೊಂದನೆಯದು.

ಗದಗಿನ ನಮ್ಮ ಪ್ರೆಸ್ಸಿನಲ್ಲಿ ಪಂಚಾಂಗ ಅಚ್ಚಾಗುತ್ತದೆ. ಅಂಬಕ್ಕ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಕೇಳುತ್ತ ಕರಡು ತಿದ್ದುತ್ತೇನೆ. ಓದುವಾಗ ದನಿ ಏರಬಾರದು, ಇಳಿಯಬಾರದು. ಈ ಕೆಲಸದ ಮೊದಲ ಪಾಠವೇ ಅದು. ಆವತ್ತು ಉಳಿದದ್ದು ಕೊನೆಯ ನಾಲ್ಕು ಪುಟ. ಐದು ಗಂಟೆಯೊಳಗೆ ಅವು ಅಚ್ಚಿನ ಯಂತ್ರಕ್ಕೆ ಏರದಿದ್ದರೆ ಯುಗಾದಿಗೆ ಪಂಚಾಂಗವಿಲ್ಲ, ಮುಂದಿನ ವರ್ಷದ ಕೆಲಸ ಬೇರೆ ಪ್ರೆಸ್ಸಿಗೆ ಎಂದು ಪ್ರಕಾಶಕರು ಹೇಳಿಬಿಟ್ಟಿದ್ದರು. ಮೂಲಪ್ರತಿಯನ್ನು ಕೋಣೆಯಿಂದ ಹೊರಗೆ ಒಯ್ಯಬಾರದೆಂಬ ಕಟ್ಟಳೆಯೂ ಅವರದೇ. ಪಕ್ಕದ ಟ್ರಂಕ್ ಅಂಗಡಿಯಲ್ಲಾದರೋ ನಾಲ್ವರು ಬೆಳಗಿನಿಂದ ತಗಡು ಬಡಿಯುತ್ತಿದ್ದರು.

"ಇದು ಸದ್ದುನುಂಗಿ. ಒಂದೇ ಸಮನ ಬರೂ ಸದ್ದನ್ನ ಹುಡುಕಿ, ಅದರ ಮ್ಯಾಲೆ ಮಳಿ ಸುರಿಸಿದಂಗ ಸುಂಯ್ ಅಂತದ" ಎಂದರು ಕಾಕಾ.

ಸುಂಯ್ ಎಂದಿತು. ತಗಡಿನ ಸದ್ದು ಮಾಯವಾಯಿತು. ಅಂಬಕ್ಕ ಓದತೊಡಗಿದರು. ಅವರ ತುಟಿ ಅಲ್ಲಾಡುತ್ತಿತ್ತು; ನನಗೆ ಏನೂ ಕೇಳಲಿಲ್ಲ.

"ಕಾಕಾ, ಅಂಬಕ್ಕನ್ನೂ ನುಂಗಿತಲ್ರೀ" ಎಂದು ಕೂಗಿದೆ.

"ಅಕಿ ಓದೂದೂ ಒಂದೇ ಸಮ ಅದ. ಯಂತ್ರದ ತಪ್ಪಲ್ಲ."

"ಆರಿಸ್ರಿ."

"ಸ್ವಿಚ್ ಇಟ್ಟಿಲ್ಲ. ಇಟ್ಟರ ಯಾರರ ಆರಿಸಿಬಿಡ್ತಾರ. ಸುತ್ತ ಶಾಂತ ಆತಂದ್ರ ತಾನ ನಿಲ್ತದ; ಮತ್ತ ಏಳಬೇಕಂದ್ರ ದೊಡ್ಡ ಸದ್ದ ಬೇಕು."

"ಕರೆಂಟ್ ತಗೀರಿ."

"ಒಳಗ ಬ್ಯಾಟರಿ ಅದ. ಎರಡು ದಿನಾ ನಡೀತದ" ಎಂದರು, ಹೆಮ್ಮೆಯಿಂದಲೇ.

ಬೋಲ್ಟ್ ಬಿಚ್ಚಲು ಹೋದರು. ತಿರುಗಿಸುತ್ತಿದ್ದ ಪಾನಾ ಜಾರಿ ಬೋಲ್ಟಿನ ತಲೆ ಸವೆದುಹೋಯಿತು. ಗಂಟೆ ಮೂರೂವರೆ.

ಅಂಬಕ್ಕನ ತಾಳ್ಮೆ ಮುಗಿಯಿತು. "ನಿಮ್ಮ ಕಾಕಾಗ ಬ್ಯಾರೆ ಊರು ಸಿಗಲಿಲ್ಲೇನು?" ಎಂದರು. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ದನಿ ಏರಿಳಿದರೆ ಯಂತ್ರ ಬಿಟ್ಟುಕೊಡುತ್ತಿತ್ತು!

"ಹಂಗ ಓದ್ರಿ, ಬೈದಂಗ" ಎಂದೆ.

"ತ್ರಯೋದಶಿ! ಕೇಳ್ತದೋ ಇಲ್ಲೋ ಕಲ್ಲಪ್ಪಣ್ಣ? ಒಂಬತ್ತು ಘಟಿ! ಒಂಬತ್ತಂದೆ!"

"ಒಂಬತ್ತ ಅದ, ಮುಂದ ಹೇಳ್ರಿ! ವಿಘಟಿ ಎಷ್ಟು?"

"ನಲವತ್ತೊಂದು! ಹತ್ತೊಂಬತ್ತು ವರ್ಷ ಆತು ನಿಮಗ ಓದಿ ಓದಿ!"

ಮೂರು ಪುಟ ಹೀಗೆ ಸಾಗಿತು. ನಾಲ್ಕೂವರೆಯ ಹೊತ್ತಿಗೆ ನಮ್ಮ ಜಗಳವೂ ಒಂದೇ ಸಮನಾಗಿ, ಯಂತ್ರ ಅದನ್ನೂ ಮುಚ್ಚತೊಡಗಿತು. ಅಂಬಕ್ಕ ಮೇಜು ಗುದ್ದಿ, ಎದ್ದು ನಿಂತು, ನನ್ನತ್ತ ಕೈ ತೋರಿಸಿ "ಅಮಾವಾಸ್ಯೆ!" ಎಂದರು.

ನಿಜವಾದ ಜಗಳವೆಂದು ಬಾಗಿಲಲ್ಲಿ ಜನ ತುಂಬಿದ್ದರು. ಟ್ರಂಕ್ ಅಂಗಡಿಯ ನಾಲ್ವರೂ ಸುತ್ತಿಗೆ ಹಿಡಿದುಕೊಂಡೇ ಮುಂದಿನ ಸಾಲಿನಲ್ಲಿ ನಿಂತಿದ್ದರು. ಅಮಾವಾಸ್ಯೆ ಎಂದು ಬೈಸಿಕೊಂಡ ನಾನು ಏನು ಮಾಡುತ್ತೇನೋ ಎಂದು ಎಲ್ಲರೂ ಉಸಿರು ಹಿಡಿದಿದ್ದರು. ಓಣಿ ಪೂರ್ತಿ ಶಾಂತವಾಯಿತು. ಸದ್ದುನುಂಗಿ ತಾನೇ ನಿಂತಿತು.

"ಕದಲಬ್ಯಾಡ್ರಿ ಯಾರೂ" ಎಂದೆ ಮೆಲ್ಲಗೆ. ಯಾರೂ ಕದಲಲಿಲ್ಲ. ಅಂಬಕ್ಕ ಕುಳಿತು, ಕೊನೆಯ ಪುಟವನ್ನು ಎಂದಿನ ಸಪ್ಪೆ ದನಿಯಲ್ಲಿ ಓದಿ ಮುಗಿಸಿದರು. "ಮಾತು ತಣ್ಣಗಾತು. ಇನ್ನ ಒಂದಾಗೂದಿಲ್ಲ ಇವರು" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ನಾಲ್ಕು ಐವತ್ತೆರಡಕ್ಕೆ ಪುಟಗಳು ಅಚ್ಚಿನ ಯಂತ್ರಕ್ಕೆ ಏರಿದವು.

ಮರುದಿನ ಬೆಳಿಗ್ಗೆ ಎಂಟಕ್ಕೆ ಓಣಿಯ ಐವರು ಹಿರಿಯರು ನಮ್ಮಿಬ್ಬರಿಗೆ ರಾಜಿ ಮಾಡಿಸಲು ಬಂದರು. ಜಗಳವೇ ಆಗಿಲ್ಲ ಎಂದೆವು. ನಂಬಲಿಲ್ಲ. ಬರೆದುಕೊಂಡೇ ಬಂದಿದ್ದ ರಾಜಿಪತ್ರವನ್ನು ಮುಂದಿಟ್ಟರು. ಅಂಬಕ್ಕ ಓದಿದರು, ನಾನು ಎರಡು ತಪ್ಪು ತಿದ್ದಿದೆ, ಇಬ್ಬರೂ ಸಹಿ ಹಾಕಿದೆವು.