ಅಮಾವಾಸ್ಯೆಯ ಎರಡು ಮಿಲಿಮೀಟರ್ ಮಳೆ

ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಮಳೆ ಬಂದಿದೆ ಎಂದು ನಂಬುವ ಜನ ಇರುತ್ತಾರೆ ಎಂದರೆ ನೀವು ನಗಬಹುದು. ನಗಿ. ಅಂಥವರಲ್ಲಿ ನಾನೂ ಒಬ್ಬಳು. ಮೊದಲು ಹೀಗಿರಲಿಲ್ಲ. ಇದು ನಮ್ಮ ಯಜಮಾನರಿಂದ, ದ್ರಾಕ್ಷಿ ತೋಟದ ಜೊತೆಗೇ ಬಂದ ಆಸ್ತಿ.

ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಅದರ ನಡುವೆ ಎದೆಯೆತ್ತರದ ಕಂಬ ನೆಟ್ಟು ಅವರು ಹವಾಮಾನ ಯಂತ್ರ ಕೂರಿಸಿದ್ದರು. ಮಳೆ ಬಿದ್ದರೆ ಅಳೆದು ಫೋನಿಗೆ ಸಂದೇಶ ಕಳಿಸುತ್ತದೆ. ಎಲೆಗೆ ಬೂಜು ರೋಗ ತಗಲುವಂತಿದ್ದರೆ ಔಷಧಿ ಹೊಡೆಯಿರಿ ಎನ್ನುತ್ತದೆ. ಒಮ್ಮೆ ತೊಯ್ದು ತೊಪ್ಪೆಯಾಗಿ ಒಳಗೆ ಬಂದವರು, ಟವೆಲ್ ಕೇಳುವ ಮೊದಲು ಫೋನ್ ನೋಡಿ, “ಮಳೆ ಬಂದೈತೆ ಕಣೆ” ಎಂದರು. “ಹೌದಾ, ನಂಗೆ ಗೊತ್ತೇ ಆಗ್ಲಿಲ್ಲ” ಎಂದು ತಲೆ ಒರೆಸಿದ್ದೆ.

ಅವರು ಹೋಗಿ ವರ್ಷದ ಮೇಲಾಯಿತು. ಸಂದೇಶ ಈಗಲೂ “ರಂಗಪ್ಪನವರೇ” ಎಂದೇ ಶುರುವಾಗುತ್ತದೆ. ಗಂಡನ ಹೆಸರು ಬಾಯಲ್ಲಿ ಹೇಳಿ ನನಗೆ ಅಭ್ಯಾಸವಿಲ್ಲ, ಫೋನೇ ಹೇಳಲಿ. ಹೆಸರು ಬದಲಿಸೋಣ ಎಂದು ಯಂತ್ರದ ಕಂಪನಿಯ ಹುಡುಗಿ ಫೋನ್ ಮಾಡಿದಾಗ, ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಆಮೇಲೆ ಅವಳು ಮಾಡಿದಾಗಲೆಲ್ಲ ನಮ್ಮನೆಯಲ್ಲಿ ಹಾಲು ಉಕ್ಕುತ್ತಲೇ ಇತ್ತು.

ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟರೆ ಮಾಳಿಗೆಗೆ ಕಾಗೆಯೇ ಬರಲಿಲ್ಲ. ತೋಟದ ಕಂಬದ ಮೇಲೆ ದಿನಾ ಒಂದು ಕಾಗೆ ಕೂರುವುದು ನೆನಪಾಗಿ, ಅನ್ನ, ಒಬ್ಬಟ್ಟು ಒಯ್ದು ಯಂತ್ರದ ಡಬ್ಬದ ಮೇಲಿಟ್ಟೆ. ಪದ್ಧತಿಯಂತೆ ಸುತ್ತ ನೀರು ಬಿಟ್ಟು, ಕೈಮುಗಿದು, ಪಂಪ್‌ಮನೆ ನೆರಳಿಗೆ ಬಂದು ಕೂತೆ. ಫೋನ್ ಟಿಂಗ್ ಎಂದಿತು. “ರಂಗಪ್ಪನವರೇ, ನಿಮ್ಮ ತೋಟದಲ್ಲಿ ಎರಡು ಮಿಲಿಮೀಟರ್ ಮಳೆಯಾಗಿದೆ. ಬೂಜು ರೋಗದ ಅಪಾಯವಿದೆ. ಇಂದೇ ಔಷಧಿ ಹೊಡೆಯಿರಿ.”

ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಆದರೂ ಸಂದೇಶವನ್ನು ಎರಡು ಸಲ ಓದಿದೆ. ಹೋದ ಬೆಳೆಯನ್ನು ಮೈದುನ ನಾಗರಾಜ ನೋಡಿಕೊಂಡಿದ್ದ. ಇದು ನಾನೇ ನಿಂತು ಬೆಳೆಸಿದ ಮೊದಲ ಬೆಳೆ. ಹಣ್ಣು ಬಣ್ಣ ತಿರುಗಿ ಕೊಯ್ಲಿಗೆ ಬಂದಿತ್ತು. ಈಗ ಔಷಧಿ ಹೊಡೆದರೆ ವ್ಯಾಪಾರಿ ಮುಟ್ಟುವುದಿಲ್ಲ, ಹೊಡೆಯದಿದ್ದರೆ ರೋಗ ಬಿಡುವುದಿಲ್ಲ. ಅವರ ಯಂತ್ರದ ಮಾತು ಮೀರಲು ಧೈರ್ಯ ಸಾಲದೆ ನಾಗರಾಜನನ್ನು ಕರೆದೆ. ಹಬ್ಬದೂಟ ಬಿಟ್ಟು, ಔಷಧಿ ಡ್ರಮ್ ಹೇರಿಕೊಂಡು ಬಂದ.

“ಎಲ್ಲಿ ಅತ್ಗೆ ಮಳೆ? ದಾರಿ ಉದ್ದಕ್ಕೂ ಧೂಳು ಕುಡ್ಕೊಂಡು ಬಂದೀನಿ.”

“ಬಂದೈತಂತೆ ಕಣಪ್ಪ. ನಿಮ್ಮಣ್ಣನ ಫೋನಲ್ಲಿ ಐತೆ.”

ಅವನು ಕಂಬದ ಹತ್ತಿರ ಹೋಗಿ ಬಗ್ಗಿ ನೋಡಿದ. ಎಡೆಯ ಪಕ್ಕದಲ್ಲೇ ಮಳೆ ಅಳೆಯುವ ಆಲಿಕೆ. ಒಳಗೆಲ್ಲ ಒದ್ದೆ, ಅಂಚಿನಲ್ಲಿ ಒಂದೆರಡು ಅಗುಳು.

“ಚೊಂಬಲ್ಲಿ ಎಷ್ಟು ನೀರು ಬುಟ್ರಿ ಅತ್ಗೆ?”

“ಒಂಚೂರು.”

“ಇನ್ನೊಂದ್ಸಲ ಮಳೆ ಸುರಿಸೋಕ್ ಮುಂಚೆ, ಊಟ ಆಯ್ತಾ ಅಂತ ಒಂದು ಮಾತು ಕೇಳ್ಬುಡಿ.”

ಔಷಧಿ ಹೊಡೆಯಲಿಲ್ಲ, ಹಣ್ಣು ಮಾರಿ ಹೋಯಿತು. ಈಗ ಪ್ರತಿ ಅಮಾವಾಸ್ಯೆಯ ಎಡೆ ಪಂಪ್‌ಮನೆಯ ಸೂರಿನ ಮೇಲೆ. ಕಾಗೆ ಮಾತ್ರ ಯಂತ್ರ ಬಿಟ್ಟು ಇಳಿಯುವುದಿಲ್ಲ. ಅವರನ್ನೂ ಊಟಕ್ಕೆ ಕೂಗಿ ಕೂಗಿ ಸಾಕಾಗುತ್ತಿತ್ತು.

ಆಮೇಲೆ ಮಳೆಯೇ ಇಲ್ಲ. “ರಂಗಪ್ಪನವರೇ” ಎಂದು ಫೋನ್ ಕರೆದು ಬಹಳ ದಿನವಾಯಿತು. ತೋಟಕ್ಕೆ ಹೋಗುವಾಗ ಚೊಂಬನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ನನ್ನ ಮೇಲೆ ನನಗೆ ಅಷ್ಟೊಂದು ನಂಬಿಕೆ ಇಲ್ಲ.